ಖಾಲಿ ಬರುತ್ತಿದ್ದ ಡಬ್ಬಿ

ಔಷಧದಂಗಡಿಯ ಕೌಂಟರಿನ ಹಿಂದೆ ನಿಂತವಳಿಗೆ ಬೀದಿಯವರ ಹೊಟ್ಟೆಯೊಳಗಿನ ಸಮಾಚಾರವೆಲ್ಲ ಗೊತ್ತಿರುತ್ತದೆ. ಯಾರಿಗೆ ಅಜೀರ್ಣ, ಯಾರಿಗೆ ಹುಳಿತೇಗು, ಯಾರ ಮನೆಯ ಮಗು ಊಟ ಕಂಡರೆ ಓಡುತ್ತದೆ ಎಂಬುದನ್ನೆಲ್ಲ ಅವರು ಬಾಗಿಲಲ್ಲಿ ಕಾಲಿಡುವಾಗಲೇ ಅವಳು ಹೇಳಬಲ್ಲವಳಾಗಿದ್ದಳು. ಹಸಿವಿನ ಟಾನಿಕ್ ಕೇಳಿಕೊಂಡು ಬರುವ ತಾಯಂದಿರನ್ನು ಕಂಡರೆ ಮಾತ್ರ ಅವಳಿಗೆ ಮೈಯುರಿ. ಬಾಟಲಿಯನ್ನು ತಕ್ಷಣ ಕೊಡುತ್ತಿರಲಿಲ್ಲ. ಕೈಯಲ್ಲೇ ಹಿಡಿದುಕೊಂಡು, "ಮನೇಲಿ ಏನು ಕೊಡ್ತೀರಾ ಮಗೂಗೆ?" ಎಂದು ಕೇಳುತ್ತಿದ್ದಳು.

ಪರ್ಸಿನ ಜಿಪ್ಪು ಎಳೆಯುತ್ತ, ಮಗುವಿನ ಕಾಲರ್ ಸರಿಮಾಡುತ್ತ ಅವರು ಉತ್ತರ ಹುಡುಕುವುದನ್ನು ಅವಳು ನೋಡುತ್ತ ನಿಲ್ಲುತ್ತಿದ್ದಳು. ಬಿಸ್ಕತ್ತು ಎಂದೊಬ್ಬರು ತಲೆ ತಗ್ಗಿಸಿ ಹೇಳಿದರೆ, ಹಾಲಿಗದ್ದಿದ ಬ್ರೆಡ್ ಎಂದು ಇನ್ನೊಬ್ಬರು. "ಟಾನಿಕ್ ಏನ್ ಮಾಡುತ್ತೆ ಹೇಳಿ. ಊಟ ಸರಿ ಮಾಡಿ," ಎಂದು ಬಾಟಲಿಯನ್ನು ಮುಂದೆ ತಳ್ಳುವಾಗ ಅವಳಿಗೆ ಒಂದು ಧೈರ್ಯವಿತ್ತು. ಅವಳ ಮನೆಯ ಡಬ್ಬಿ ದಿನವೂ ಖಾಲಿಯಾಗಿ ವಾಪಸ್ ಬರುತ್ತಿತ್ತು.

ಡಬ್ಬಿಯದು ಅವರ ಕಟ್ಟಡದಲ್ಲಿ ಮಾಡಿಕೊಂಡ ಏರ್ಪಾಡು. ಅವಳ ಮಗಳೂ ಎದುರು ಮನೆಯ, ಟ್ಯಾಕ್ಸಿ ಓಡಿಸುವವಳ ಮಗಳೂ ಒಂದೇ ಶಾಲೆ, ಒಂದೇ ತರಗತಿ. ಮಧ್ಯಾಹ್ನ ಶಾಲೆ ಮುಗಿದರೆ ಎರಡೂ ಮನೆಗೆ ಬೀಗ. ಹಾಗಾಗಿ ಕೆಳಗಿನ ಮನೆಯ ಬ್ಯಾಂಡ್ ತಾತ ಇಬ್ಬರನ್ನೂ ಕೂರಿಸಿಕೊಂಡು, ಅವರವರ ಅಮ್ಮಂದಿರು ಬೆಳಿಗ್ಗೆ ಕೊಟ್ಟುಹೋದ ಡಬ್ಬಿ ಬಿಚ್ಚಿ ಊಟ ಮಾಡಿಸುತ್ತಿದ್ದ. ತಾಯಂದಿರಿಗೆ ರಜೆಯಿದ್ದ ದಿನ ಅವರದೇ ಸರದಿ. ತಾತ ಪ್ರಾಯದಲ್ಲಿ ಮೆರವಣಿಗೆಗಳಲ್ಲಿ ತುತ್ತೂರಿ ಊದುತ್ತಿದ್ದವನು. ಈಗ ಉಸಿರು ಸಾಲದೆ ತುತ್ತೂರಿ ಗೋಡೆಗೇರಿತ್ತು, ಮಕ್ಕಳ ಮುಂದೆ ಕೆನ್ನೆಯುಬ್ಬಿಸುವ ಅಭ್ಯಾಸವೊಂದು ಉಳಿದಿತ್ತು.

ಏರ್ಪಾಡಿಗೆ ನಿಯಮ ಹಾಕಿದವಳು ಔಷಧದಂಗಡಿಯವಳೇ. ಒಂದು, ಅವರವರ ಡಬ್ಬಿ ಅವರವರಿಗೆ. ಇನ್ನೊಂದು, ಉಳಿದದ್ದನ್ನು ಚೆಲ್ಲುವ ಹಾಗಿಲ್ಲ. ಹಾಗೇ ಮುಚ್ಚಳ ಹಾಕಿ ಮನೆಗೆ ಕಳಿಸಬೇಕು. "ಮಗು ಎಷ್ಟು ತಿಂತು ಅಂತ ನಮಗೆ ಗೊತ್ತಾಗ್ಬೇಕಲ್ಲ ತಾತ," ಎಂದಿದ್ದಳು. ಮೊದಲ ಕೆಲವು ದಿನ ಮಗಳ ಡಬ್ಬಿಯಲ್ಲಿ ಬೀನ್ಸು, ಮೊಟ್ಟೆ, ಸೊಪ್ಪು ಅರ್ಧಕ್ಕರ್ಧ ಉಳಿದು ಬಂದಿದ್ದವು. ಅವಳು ಮಗಳನ್ನು ಬಯ್ಯಲಿಲ್ಲ, ಹೊಡೆಯಲಿಲ್ಲ. ಡಬ್ಬಿಯನ್ನು ಮೇಜಿನ ಮೇಲೆ ತೆರೆದಿಟ್ಟು ಎದುರಿಗೆ ಸುಮ್ಮನೆ ಕೂತಳು, ಅಷ್ಟೇ. ಆಮೇಲೆ ಎಲ್ಲ ಸರಿಹೋಯಿತು. ಅಂದರೆ, ಸರಿಹೋಯಿತು ಎಂದು ಅವಳು ತಿಳಿದಳು.

ಟ್ಯಾಕ್ಸಿಯವಳ ಮಗಳ ಡಬ್ಬಿಯಲ್ಲಿ ಇರುತ್ತಿದ್ದದ್ದು ಕರಿದ ಆಲೂಗಡ್ಡೆ, ಜಾಮ್ ಬಳಿದ ಬ್ರೆಡ್, ಕೆಲವೊಮ್ಮೆ ಪ್ಯಾಕೆಟ್ಟಿನಿಂದ ಸುರಿದ ಚಿಪ್ಸು. ಆ ಹುಡುಗಿಯನ್ನು ಕಟ್ಟಡದವರೆಲ್ಲ ಗುಂಡಮ್ಮ ಎಂದೇ ಕರೆಯುತ್ತಿದ್ದರು, ಔಷಧದಂಗಡಿಯವಳ ಮಗಳನ್ನು ಕಡ್ಡಿ ಎಂದು. ಕಡ್ಡಿ ಎಂದಾಗ ಅವಳಿಗೆ ಬೇಸರವಾಗುತ್ತಿರಲಿಲ್ಲ. ಸರಿಯಾಗಿ ತಿನ್ನುವ ಮಕ್ಕಳು ಹಾಗೇ ಇರುತ್ತವೆ ಎಂದುಕೊಂಡಿದ್ದಳು. ಊಟದ ಸರದಿ ಅವಳದಾದ ದಿನ ಗುಂಡಮ್ಮ ತನ್ನ ಡಬ್ಬಿಯನ್ನು ಕಡ್ಡಿಯ ಕಡೆ ಸರಿಸಿದರೆ, "ಅವರವರ ಡಬ್ಬಿ ಅವರವರಿಗೆ ಅಲ್ವಾ ಪುಟ್ಟಾ?" ಎಂದು ನಯವಾಗಿ ಹಿಂದಕ್ಕೆ ತಳ್ಳುತ್ತಿದ್ದಳು. ಕಡ್ಡಿ ಅಮ್ಮನ ಕಣ್ಣೆದುರು ಬೀನ್ಸನ್ನು ಒಂದೊಂದಾಗಿ ಬಾಯಿಗಿಟ್ಟು, ಅಗಿದು ಅಗಿದು, ನೀರಿನ ಜೊತೆ ನುಂಗುತ್ತಿದ್ದಳು.

ಅಂಥ ದಿನ ಸಂಜೆ ಗಂಡನಿಗೆ ಅವಳು ಹೇಳುತ್ತಿದ್ದ ಮಾತು ಒಂದೇ. "ಆ ಟ್ಯಾಕ್ಸಿಯಮ್ಮ ಮಗೂಗೆ ಊಟ ಹಾಕ್ತಾಳೋ, ಎಣ್ಣೆ ಕುಡಿಸ್ತಾಳೋ ಗೊತ್ತಿಲ್ಲ."

ಗಂಡ ಲಿಫ್ಟ್ ರಿಪೇರಿಯವನು. ದಿನವಿಡೀ ಕತ್ತಲ ಗುಂಡಿಗಳಲ್ಲಿ ಇಳಿದು ಬಂದವನಿಗೆ ಮಾತು ಬೇಕಿರಲಿಲ್ಲ. "ನಾನೂ ಕರಿದಿದ್ದೇ ತಿಂದು ಬೆಳೆದಿದ್ದು," ಎನ್ನುತ್ತಿದ್ದ.

"ಅದಕ್ಕೇ ಹೀಗಿದೀರ," ಎನ್ನುತ್ತಿದ್ದಳು. ಅಲ್ಲಿಗೆ ಅದು ಮುಗಿಯುತ್ತಿತ್ತು.

ಶಾಲೆಯ ನರ್ಸಮ್ಮ ಕರೆಸಿದ್ದು ಇಂಥ ದಿನಗಳಲ್ಲೇ. ಚಿಕ್ಕ ಕೋಣೆ, ಗೋಡೆಗೆ ಒತ್ತಿಟ್ಟ ತೂಕದ ಯಂತ್ರ, ಡೆಟಾಲ್ ವಾಸನೆ. ನರ್ಸಮ್ಮ ದೊಡ್ಡ ದನಿಯವಳೇನಲ್ಲ. "ನಿಮ್ಮ ಮಗಳ ತೂಕ ಕಳೆದ ಸಲಕ್ಕಿಂತ ಕಡಿಮೆಯಾಗಿದೆ. ಬೆಳೆಯೋ ವಯಸ್ಸಲ್ಲಿ ಇಳಿಯಬಾರದಲ್ಲ. ಪ್ರಾರ್ಥನೆ ಹೊತ್ತಲ್ಲಿ ಎರಡು ಸಲ ತಲೆಸುತ್ತಿ ಕೂತುಬಿಟ್ಟಳಂತೆ. ಡಾಕ್ಟರಿಗೆ ತೋರಿಸಿ." ಆಮೇಲೆ ತಲೆಯನ್ನು ಸ್ವಲ್ಪ ಓರೆ ಮಾಡಿ, "ಮನೇಲಿ ಏನು ಕೊಡ್ತೀರಾ?"

ಅವಳು ಬಾಯಿ ತೆರೆದಳು. ಬೀನ್ಸು, ಮೊಟ್ಟೆ, ಸೊಪ್ಪು, ಕ್ಯಾರೆಟ್ಟು ಎಲ್ಲ ನಾಲಿಗೆ ತುದಿಯಲ್ಲಿದ್ದವು. ಆದರೂ ಅವಳ ಕೈ ತಾನಾಗಿ ಪರ್ಸಿನ ಜಿಪ್ಪನ್ನು ಎಳೆಯುತ್ತಿತ್ತು.

ಡಾಕ್ಟರು ಹೊಟ್ಟೆ ಒತ್ತಿ, ನಾಲಿಗೆ ನೋಡಿ, ರಕ್ತ ಪರೀಕ್ಷೆ ಮಾಡಿಸಿ, ಕಾಯಿಲೆ ಏನೂ ಇಲ್ಲ ಎಂದರು. "ಊಟ ಸಾಲ್ತಾ ಇಲ್ಲ, ಅಷ್ಟೇ." ಅಷ್ಟೇ ಎಂಬ ಮಾತು ಅವಳ ತಲೆಯೊಳಗೆ ನೊಣದ ಹಾಗೆ ಸುತ್ತತೊಡಗಿತು. ಸಾಲದೆ ಎಲ್ಲಿಗೆ ಹೋಗುತ್ತದೆ? ಡಬ್ಬಿ ಖಾಲಿ ಬರುತ್ತದೆ. ತಿಂದದ್ದು ಮೈಗೆ ಹತ್ತುತ್ತಿಲ್ಲ, ಕಾಯಿಲೆಯೂ ಇಲ್ಲ. ಹಾಗಾದರೆ ತಿನ್ನುತ್ತಿರುವವರು ಬೇರೆ ಯಾರೋ. ಯೋಚನೆ ಅಲ್ಲಿಗೆ ಬಂದು ನಿಂತಾಗ ಅವಳಿಗೆ ಗುಂಡಮ್ಮನ ತುಂಬಿದ ಕೆನ್ನೆ ಕಣ್ಣಿಗೆ ಕಟ್ಟಿತು. ಆ ಮಗು ಮನೆಯಲ್ಲಿ ಸರಿಯಾದ ಊಟ ಸಿಗದೆ ನನ್ನ ಮಗಳ ಪಾಲನ್ನು ಕಿತ್ತು ತಿನ್ನುತ್ತಿದೆ. ಎಲ್ಲಕ್ಕೂ ಉತ್ತರ ಸಿಕ್ಕಿತು ಎನ್ನಿಸಿ, ನಾಚಿಕೆಯಾಗುವಷ್ಟು ಸಮಾಧಾನವಾಯಿತು.

ಮರುದಿನ ಅಂಗಡಿಯಲ್ಲಿ ತಲೆನೋವೆಂದು ಹೇಳಿ ಮಧ್ಯಾಹ್ನವೇ ಹೊರಟಳು. ತಾತನ ಬಾಗಿಲು ಅರೆ ತೆರೆದಿತ್ತು. ಚಪ್ಪಲಿ ಸದ್ದಾಗದಂತೆ ಬಂದು ಸಂದಿಯಲ್ಲಿ ಇಣುಕಿದಳು.

ನೆಲದ ಮೇಲೆ ಚಾಪೆ. ಗುಂಡಮ್ಮನೂ ಕಡ್ಡಿಯೂ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು ಒಂದೇ ಡಬ್ಬಿಯಿಂದ ಕರಿದ ಆಲೂಗಡ್ಡೆ ತಿನ್ನುತ್ತಿದ್ದರು. ಕಡ್ಡಿ ಏನೋ ಹೇಳಿ ನಗುತ್ತಿದ್ದಳು, ತುಟಿಯ ಮೇಲೆಲ್ಲ ಎಣ್ಣೆ ಹೊಳೆಯುತ್ತಿತ್ತು. ಗೋಡೆಗೊರಗಿ ಕೂತ ತಾತ ಮಡಿಲಲ್ಲಿ ಅವಳ ಮನೆಯ ಸ್ಟೀಲ್ ಡಬ್ಬಿ ಇಟ್ಟುಕೊಂಡು, ಔಷಧಿ ನುಂಗುವವನ ಮುಖ ಮಾಡಿ, ಚಮಚದಿಂದ ಸೊಪ್ಪು ಬಾಯಿಗಿಡುತ್ತಿದ್ದ.

"ತಾತಾ!"

ಚಮಚ ಡಬ್ಬಿಯೊಳಗೆ ಬಿತ್ತು. ಕಡ್ಡಿಯ ನಗು ಎಲ್ಲಿ ಹೋಯಿತೋ. ಅವಳು ಕೈಯಲ್ಲಿದ್ದ ತುಂಡನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು.

"ಕೂತ್ಕೋಮ್ಮಾ," ಎಂದ ತಾತ. ಎದ್ದೇಳಲು ಹೋಗಿ ಆಗದೆ ಮತ್ತೆ ಕುಸಿದ. "ನಾನು ಕದ್ದು ತಿಂತಿಲ್ಲ. ಅಂದ್ರೆ, ತಿಂತಿದೀನಿ. ಆದ್ರೆ ಆಸೆಗಲ್ಲ ಕಣಮ್ಮ. ಒಂದ್ ಕಲ್ಲು ಉಪ್ಪಾದ್ರೂ ಹಾಕಬಾರ್ದಾ?"

"ಮಗು ಉಪವಾಸ ಬೀಳ್ತಿದೆ ತಾತ! ನೀವು ನಂಗೆ ಖಾಲಿ ಡಬ್ಬಿ ಕಳಿಸ್ತಿದೀರ!"

"ಉಳಿಸಿ ಕಳಿಸಿದ್ನಲ್ಲ ಮೊದಮೊದಲು. ಮಾರನೇ ದಿನ ಈ ಮಗು ಮುಚ್ಚಳ ತೆಗೆಯೋಕೇ ಅಳೋದು. ತಿನ್ನೋಕೂ ಆಗ್ತಿರಲಿಲ್ಲ, ಬಿಡೋಕೂ ಹೆದರಿಕೆ. ನೋಡೋಕಾಗದೆ ನಾನೇ ಮುಗಿಸ್ತಾ ಬಂದೆ. ಅದೂ ಚೆಲ್ಲಬೇಡಿ ಅಂತ ನೀನೇ ಹೇಳಿದ್ದೆ."

ಅಷ್ಟರಲ್ಲಿ ಹೊರಗೆ ಕಾರಿನ ಬಾಗಿಲು ಬಡಿಯಿತು. ಟ್ಯಾಕ್ಸಿಯವಳು ಬಿಸಿಲಿಗೆ ಕೆಂಪಾದ ಮುಖ ಒರೆಸಿಕೊಳ್ಳುತ್ತ ಒಳಬಂದಳು. ನಿಂತವಳ ಮುಖ ನೋಡಿದಳು, ತಾತನ ಮಡಿಲು ನೋಡಿದಳು.

"ಸಿಕ್ಕಿಬಿದ್ರಾ ತಾತ? ನಾನು ಹೇಳ್ಲಿಲ್ವಾ, ಈ ಹೊಟ್ಟೆ ಇಟ್ಕೊಂಡು ಎಷ್ಟು ದಿನ ಅಂತ ಮುಚ್ಚಿಡ್ತೀರಾ."

"ನಿಮಗೂ ಗೊತ್ತಿತ್ತಾ?" ಅವಳು ಟ್ಯಾಕ್ಸಿಯವಳ ಕಡೆ ತಿರುಗಿದಳು.

"ಗೊತ್ತಿಲ್ದೇ ಏನು? ಈ ಆಲೂಗಡ್ಡೆ ಡಬ್ಬೀಲಿ ಇಬ್ಬರ ಪಾಲು ಹಾಕೋಳು ನಾನೇ ಅಲ್ವಾ." ಟ್ಯಾಕ್ಸಿಯವಳು ಚಾಪೆಯ ಅಂಚಿನಲ್ಲಿ ಕೂತು ಕಾಲು ಚಾಚಿದಳು. "ಬೇಜಾರು ಮಾಡ್ಕೋಬೇಡಿ ಅಕ್ಕ. ನಾನೂ ನಿಮ್ಮನ್ನ ಆಡ್ಕೊಂಡಿದೀನಿ. ಔಷಧದಂಗಡಿಯಮ್ಮ ಮಗಳಿಗೆ ಊಟ ಹಾಕಲ್ಲ, ಮೇವು ಹಾಕ್ತಾಳೆ ಅಂತ. ಆಮೇಲೆ ನಿಮ್ಮ ಮಗಳು ಒಂದಿನ ಆಲೂಗಡ್ಡೆ ತಿಂದು ಡಬ್ಬಿ ತಳದ ಪುಡಿನೂ ಬೆರಳಲ್ಲಿ ಒರೆಸ್ಕೊಂಡ್ಲಂತೆ. ಹಸಿದ ಮಗು. ಏನ್ ಮಾಡ್ಲಿ?"

"ನನಗೆ ಹೇಳ್ಬೇಕಿತ್ತು."

"ಹೇಳೋಕೇ ಬಂದಿದ್ದೆ, ನಿಮ್ಮ ಅಂಗಡಿಗೆ. ನೀವು ನನ್ನನ್ನ ನಿಲ್ಲಿಸ್ಕೊಂಡು ಎಣ್ಣೆ ಬಗ್ಗೆ ಪಾಠ ಮಾಡಿದ್ರಿ. ಹಿಂದೆ ನಾಲ್ಕು ಜನ ಕ್ಯೂನಲ್ಲಿದ್ರು. ಕೆಮ್ಮಿನ ಔಷಧಿ ತಗೊಂಡು ವಾಪಸ್ ಬಂದೆ." ನಗುವಂತೆ ಮಾಡಿದಳು, ನಗು ಬರಲಿಲ್ಲ. "ಕೆಮ್ಮೇ ಇರಲಿಲ್ಲ ನಂಗೆ."

ಗುಂಡಮ್ಮ ಒಂದು ತುಂಡನ್ನು ಬಾಯಿಗೆ ಹಾಕಿ ಸದ್ದಾಗದಂತೆ ಅಗಿಯತೊಡಗಿದಳು.

ಅವಳು ಬಯ್ಯಬೇಕೆಂದು ಮಾತು ಕಟ್ಟಿಕೊಂಡು ಬಂದಿದ್ದಳು. ಈಗ ಯಾರಿಗೆ ಬಯ್ಯುವುದೆಂದು ತಿಳಿಯಲಿಲ್ಲ. ತಾತ ಸುಳ್ಳು ಹೇಳಿದ್ದ, ಆದರೆ ಮಗು ಅಳದಿರಲೆಂದು. ಟ್ಯಾಕ್ಸಿಯವಳು ನಿಯಮ ಮುರಿದಿದ್ದಳು, ಮುರಿಯದಿದ್ದರೆ ಮಗು ಮಧ್ಯಾಹ್ನವೆಲ್ಲ ಬರಿಹೊಟ್ಟೆಯಲ್ಲಿರುತ್ತಿತ್ತು. ಅಥವಾ ಹಸಿವು ತಡೆಯಲಾರದೆ ಬೀನ್ಸನ್ನೇ ತಿನ್ನುತ್ತಿತ್ತೇನೋ. ಮಗಳು ಬಡವಾದದ್ದು ಆಲೂಗಡ್ಡೆಯಿಂದಲೋ, ಇಷ್ಟಾದರೂ ಗಟ್ಟಿಯಾಗಿ ನಿಂತದ್ದು ಆಲೂಗಡ್ಡೆಯಿಂದಲೋ? ಥ್ಯಾಂಕ್ಸ್ ಹೇಳಬೇಕೇ? ಹೇಳಿದರೆ ಯಾವುದಕ್ಕೆಂದು? ಅವಳು ಬಗ್ಗಿ ತಾತನ ಮಡಿಲಿಂದ ಡಬ್ಬಿ ಎತ್ತಿಕೊಂಡಳು, ಮಗಳ ಕೈ ಹಿಡಿದಳು. ಆ ಕೈ ಬೆನ್ನ ಹಿಂದಿನಿಂದ ಮುಂದೆ ಬರಲೊಲ್ಲದು. ಇನ್ನೊಂದು ಕೈ ಹಿಡಿದು ಮೆಟ್ಟಿಲು ಹತ್ತಿದಳು.

"ಅಕ್ಕ," ಎಂದು ಟ್ಯಾಕ್ಸಿಯವಳು ಕೆಳಗಿನಿಂದ ಕೂಗಿದಳು. "ನಾಳೆ ಇಬ್ಬರ ಪಾಲು ಹಾಕ್ಲೋ ಬೇಡ್ವೋ? ಅದಾದ್ರೂ ಹೇಳಿ."

ಅವಳು ಮೆಟ್ಟಿಲ ತಿರುವಿನಲ್ಲಿ ನಿಂತಳು. ಹಾಕಿ ಎನ್ನಲು ಬಾಯಿ ಬರಲಿಲ್ಲ, ಬೇಡ ಎನ್ನಲು ಧೈರ್ಯ ಬರಲಿಲ್ಲ. "ಹೇಳ್ತೀನಿ," ಎಂದಳು. "ರಾತ್ರಿ ಹೇಳ್ತೀನಿ."

ಸಂಜೆ ಅಡುಗೆಮನೆಯ ಕಟ್ಟೆಯ ಮೇಲೆ ಒಂದು ಕಡೆ ಸೊಪ್ಪಿನ ಕಟ್ಟು, ಇನ್ನೊಂದು ಕಡೆ ಬೀದಿಯ ಕೊನೆಯ ಅಂಗಡಿಯಿಂದ ತಂದ ಆಲೂಗಡ್ಡೆ ಇಟ್ಟಳು. ಮಗಳನ್ನು ಕರೆದು ಎತ್ತಿ ಸ್ಟೂಲಿನ ಮೇಲೆ ಕೂರಿಸಿದಳು. ಎತ್ತುವಾಗ ಕಂಕುಳಲ್ಲಿ ಎಲುಬು ಕೈಗೆ ಸಿಕ್ಕಿತು. ಇಷ್ಟು ದಿನ ದಿನವೂ ಸ್ನಾನ ಮಾಡಿಸಿದ ಕೈಗೆ ಇದು ಯಾಕೆ ತಿಳಿಯಲಿಲ್ಲ?

"ನಾನು ಬಯ್ಯಲ್ಲ ಪುಟ್ಟಾ," ಎಂದಳು. "ನಿಂಗೆ ಏನಿಷ್ಟವೋ ಅದೇ ಮಾಡ್ತೀನಿ. ಏನ್ ಬೇಕು ಹೇಳು."

ಇಂಥ ಪ್ರಶ್ನೆಯನ್ನು ತಾನು ಮಗಳಿಗೆ ಯಾವತ್ತಾದರೂ ಕೇಳಿದ್ದುಂಟೇ ಎಂದು ಅವಳು ನೆನಪಿಸಿಕೊಳ್ಳಲು ನೋಡಿದಳು. ಕಡ್ಡಿ ಆಲೂಗಡ್ಡೆಯ ಕಡೆ ನೋಡಲಿಲ್ಲ, ಸೊಪ್ಪಿನ ಕಡೆಯೂ ನೋಡಲಿಲ್ಲ. ಅಮ್ಮನ ಮುಖವನ್ನೇ ನೋಡಿದಳು. ಹುಬ್ಬು, ಕಣ್ಣು, ತುಟಿಯ ಅಂಚು ಎಲ್ಲವನ್ನೂ, ಪರೀಕ್ಷೆಯಲ್ಲಿ ಪ್ರಶ್ನೆ ಓದುವ ಮಗುವಿನ ಹಾಗೆ, ನಿಧಾನವಾಗಿ. ಅಮ್ಮ ತನ್ನ ಮುಖದಲ್ಲಿ ಏನೂ ಕಾಣದಂತೆ ಮಾಡಿಕೊಳ್ಳಲು ಹೆಣಗಿದಳು. ಹೆಣಗಿದ್ದೇ ಕಂಡಿತೇನೋ.

"ಸೊಪ್ಪು," ಎಂದಳು ಮಗಳು.

"ನಿಜವಾಗ್ಲೂ?"

ಕಡ್ಡಿ ಹೌದೆಂದು ಜೋರಾಗಿ ತಲೆಯಾಡಿಸಿದಳು. "ಸೊಪ್ಪಂದ್ರೆ ನಂಗೆ ತುಂಬಾ ಇಷ್ಟ."

ಎದುರು ಮನೆಯ ಬಾಗಿಲು ತೆರೆದ ಸದ್ದಾಯಿತು. ಟ್ಯಾಕ್ಸಿಯವಳು ಉತ್ತರ ಕೇಳಲು ಬರುತ್ತಿದ್ದಿರಬೇಕು. ಇವಳು ಸೊಪ್ಪಿನ ಕಟ್ಟು ಬಿಚ್ಚಿದಳು. ಮಗಳು ಹೇಳಿದ್ದನ್ನು ಮಾಡುವುದೋ, ಹೇಳದ್ದನ್ನು ಮಾಡುವುದೋ ತೋಚದೆ, ಎಲೆಗಳನ್ನು ಒಂದೊಂದಾಗಿ ಬಿಡಿಸತೊಡಗಿದಳು.