ಗುಂಡಿಯ ಸುತ್ತ ಬಿಳಿ ಬಣ್ಣ

ಸಾಹೇಬರು ಕರೆಯುತ್ತಿದ್ದಾರೆ ಎಂದಾಗಲೇ ಬಣ್ಣದಕ್ಕನ ಎದೆ ಧಸಕ್ಕೆಂದಿತ್ತು. ರಸ್ತೆ ಇಲಾಖೆಯಲ್ಲಿ ಹನ್ನೊಂದು ವರ್ಷದಿಂದ ದಿನಗೂಲಿ. ಬೀದಿ ಬೀದಿ ತಿರುಗಿ, ಗುಂಡಿ ಕಂಡಲ್ಲಿ ಸುತ್ತಲೂ ಬಿಳಿ ಬಣ್ಣ ಬಳಿದು, ಪಕ್ಕದಲ್ಲಿ ತಾರೀಕು ಬರೆಯುವುದು ಅವಳ ಕೆಲಸ. ಆಮೇಲೆ ಡಾಂಬರಿನವರು ಬಂದು ಮುಚ್ಚಬೇಕು. ಮುಚ್ಚಬೇಕು ಅಷ್ಟೇ, ಮುಚ್ಚುತ್ತಾರೆ ಅಂತ ಯಾರು ಹೇಳಿದರು? ಕೆಲಸ ಖಾಯಂ ಆಗುವವರ ಪಟ್ಟಿ ಈ ತಿಂಗಳು ಸಾಹೇಬರ ಮೇಜಿನ ಮೇಲಿತ್ತು. ಅದರಲ್ಲಿ ಅವಳ ಹೆಸರೂ ಇತ್ತು. ಸಹಿ ಮಾತ್ರ ಬಿದ್ದಿರಲಿಲ್ಲ.

"ಆಸ್ಪತ್ರೆ ತಿರುವಿನ ಗುಂಡಿ ಗೊತ್ತಲ್ಲ?" ಸಾಹೇಬರು ಕೇಳಿದರು.

"ಗೊತ್ತು ಸಾರ್. ಗುರುತು ಹಾಕಿ ನಾಲ್ಕು ತಿಂಗಳಾಯ್ತು."

"ಅದೇ ಈಗ ಕುತ್ತಿಗೆಗೆ ಬಂದಿರೋದು." ಅವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಬ್ರೆಡ್ ವ್ಯಾನಿನವನೊಬ್ಬ ಬಸ್ಸಿಗೆ ದಾರಿ ಬಿಡೋಕೆ ಹೋಗಿ ಅದರಲ್ಲಿ ಬಿದ್ದು ಆಕ್ಸಲ್ ಮುರ್ಕೊಂಡಿದಾನೆ. ಪರಿಹಾರ ಕೊಡಿ ಅಂತ ಸರ್ಕಾರದ ಮೇಲೆ ಕೇಸು. ಗುಂಡಿ ಇರೋದೇ ಇಲಾಖೆಗೆ ಗೊತ್ತಿರ್ಲಿಲ್ಲ ಅಂತ ಉತ್ತರ ಕೊಟ್ಟಿದೀವಿ. ಗೊತ್ತಿರ್ಲಿಲ್ಲ ಅಂದ್ರೆ ನಮ್ಮ ತಪ್ಪಿಲ್ಲ. ನಾಳೆ ಬೆಳಿಗ್ಗೆ ಕೋರ್ಟಿನ ಅಧಿಕಾರಿ ಜಾಗ ನೋಡೋಕೆ ಬರ್ತಾರೆ. ಆ ವ್ಯಾನಿನವನ ಹತ್ರ ಇರೋದು ಮುರಿದ ಆಕ್ಸಲ್ಲಿನ ಫೋಟೋ ಮಾತ್ರ. ಅರ್ಥ ಆಯ್ತಾ?"

"ಹಾಗಾದ್ರೆ ಇವತ್ತೇ ಮುಚ್ಚಿಸಿಬಿಡಿ ಸಾರ್."

"ಕೇಸ್ ನಡೀವಾಗ ಗುಂಡಿ ಮುಚ್ಚಿದ್ರೆ ಸಾಕ್ಷಿ ಮುಚ್ಚಿಟ್ಟ ಹಾಗಾಗುತ್ತಮ್ಮ. ಗುಂಡಿ ಇರ್ಲಿ. ಬಣ್ಣ ಅಳಿಸು." ಅವರು ಪಟ್ಟಿಯ ಮೇಲೆ ಬೆರಳಿಟ್ಟರು. "ನಿನ್ನ ಒಳ್ಳೇದಕ್ಕೇ ಹೇಳ್ತಿರೋದು."

ಆಹಾ, ಏನು ಕಾನೂನು, ಏನು ಒಳ್ಳೆಯತನ! ಬಣ್ಣದಕ್ಕನಿಗೆ ಅದೆಲ್ಲ ಹೊಳೆಯಲಿಲ್ಲ. ಉಗ್ರಾಣದಿಂದ ಬಣ್ಣ ಕರಗಿಸುವ ತಿನ್ನರ್ ಡಬ್ಬಿ, ತಂತಿಯ ಬ್ರಷ್ಷು ತೆಗೆದುಕೊಂಡು ಹೊರಟಳು. ದಿನವೂ ಒಯ್ಯುವ ಬಣ್ಣದ ಡಬ್ಬಿಯೂ ಹೆಗಲ ಚೀಲದಲ್ಲೇ ಇತ್ತು.

ಮಧ್ಯಾಹ್ನ ಮೂರು ಗಂಟೆ. ಗುಂಡಿಯಲ್ಲಿ ಕಾಲಿಟ್ಟರೆ ಮೊಣಕಾಲಿನವರೆಗೆ ಬರುತ್ತಿತ್ತು. ಅವಳು ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಉಜ್ಜತೊಡಗಿದಳು. ಯಾರಾದರೂ ನೋಡಿದರೆ? ನಾಳೆ ಯಾರಾದರೂ ಹೇಳಿದರೆ? ಹಾರ್ನ್ ಕೇಳಿದಾಗಲೆಲ್ಲ ಬೆಚ್ಚಿಬಿದ್ದಳು. ಮೊದಲು ತಾರೀಕು ಹೋಯಿತು. ಆಮೇಲೆ ತಿರುವಿನ ಕಡೆಯ ಅರ್ಧ ಸುತ್ತು ಹೋಯಿತು.

ಆಗ ತಿರುವಿನಿಂದ ಸ್ಕೂಟರೊಂದು ಬಂತು. ಓಡಿಸುತ್ತಿದ್ದವನ ಹಿಂದೆ ಅವನ ಮುದಿ ತಾಯಿ, ತೊಡೆಯ ಮೇಲೆ ಆಸ್ಪತ್ರೆಯ ಕಾಗದದ ಕಟ್ಟು. ಬಣ್ಣವಿದ್ದಾಗ ಎಲ್ಲರೂ ಅಷ್ಟು ದೂರದಿಂದಲೇ ಪಕ್ಕಕ್ಕೆ ಸರಿಯುತ್ತಿದ್ದರು. ಇವನು ನೆಟ್ಟಗೆ ಬಂದ. "ಏಯ್, ಗುಂಡಿ!" ಎಂದು ಅವಳು ಕಿರುಚಿದಳು. ಚಕ್ರ ಅಂಚಿಗೆ ತಾಗಿ, ಸ್ಕೂಟರ್ ಓಲಾಡಿ, ಮುದುಕಿ ಮಗನ ಅಂಗಿ ಹಿಡಿದು ಜೋತಾಡಿ, ಹೇಗೋ ನಿಂತಿತು. ಕಾಗದಗಳು ರಸ್ತೆ ತುಂಬಾ ಚೆಲ್ಲಾಪಿಲ್ಲಿಯಾದವು.

"ಯಾವ ಇಲಾಖೆಯಮ್ಮಾ ನಿಮ್ದು?" ಅವನು ನಡುಗುತ್ತಲೇ ರೇಗಿದ. "ಮುಚ್ಚೋ ಯೋಗ್ಯತೆ ಇಲ್ದಿದ್ರೆ ಹೋಗ್ಲಿ, ಒಂದು ಗುರುತಾದ್ರೂ ಹಾಕ್ಬಾರ್ದಾ?"

ಬಣ್ಣದಕ್ಕ ಬ್ರಷ್ಷನ್ನು ಬೆನ್ನ ಹಿಂದೆ ಹಿಡಿದು ನಿಂತಿದ್ದಳು. ಅಷ್ಟು ನಾಚಿಕೆ ಅವಳಿಗೆ ಹುಟ್ಟಿದಾರಭ್ಯ ಆಗಿರಲಿಲ್ಲ.

ಅವರು ಹೋದಮೇಲೆ ಫೋನು ಬಂತು. "ಆಯ್ತಾ?" ಸಾಹೇಬರ ದನಿ.

"ಆಗ್ತಾ ಇದೆ ಸಾರ್," ಎಂದಳು. ಬಣ್ಣದ ಡಬ್ಬಿ ತೆರೆದಿತ್ತು. ಅಳಿಸಿದ ಅರ್ಧ ಸುತ್ತನ್ನು ಮತ್ತೆ ಬಳಿದಳು; ಗೆರೆ ಸೊಟ್ಟಂಬಟ್ಟವಾಗಿ ಬಂತು.

ಮನೆಯಲ್ಲಿ ಅತ್ತೆ, ಸೊಸೆ ಇಬ್ಬರೇ. ಮಗ ತೀರಿಕೊಂಡ ಮೇಲೂ ಅತ್ತೆ ಇವಳನ್ನು ಬಿಟ್ಟಿರಲಿಲ್ಲ, ಬೈಯುವುದನ್ನೂ ಬಿಟ್ಟಿರಲಿಲ್ಲ. ನಡೆದದ್ದನ್ನು ಕೇಳಿ ತಲೆ ಚಚ್ಚಿಕೊಂಡಳು. "ಅಯ್ಯೋ ನಿನ್ನ ಬುದ್ಧಿಗಿಷ್ಟು! ಒಳ್ಳೇವಳಾಗೋಕೆ ಇನ್ನೊಂದು ತಿಂಗಳು ತಡ್ಕೊಳ್ಳೋಕಾಗ್ಲಿಲ್ವೇನೇ? ಹೋಗು, ಈಗ್ಲಾದ್ರೂ ಅಳಿಸಿ ಬಾ."

"ಆಗಲ್ಲ ಅತ್ತೆ. ಭಯ ಆಗುತ್ತೆ."

"ಅಳಿಸೋಕೆ ಭಯಾನಾ, ಬಿಡೋಕೆ ಭಯಾನಾ?"

"ಎರಡಕ್ಕೂ."

ಬೆಳಿಗ್ಗೆ ಗುಂಡಿಯ ಬಳಿ ನಾಲ್ವರು ನಿಂತಿದ್ದರು: ಅಧಿಕಾರಿ, ಸಾಹೇಬರು, ಬ್ರೆಡ್ ವ್ಯಾನಿನವನು, ಬಣ್ಣದಕ್ಕ. ಸುತ್ತು ಕಂಡು ಸಾಹೇಬರ ಮುಖ ಕಪ್ಪಿಟ್ಟಿತು. ಅಧಿಕಾರಿ ಬಗ್ಗಿ ಬೆರಳಿನಿಂದ ಕೆರೆದು ನೋಡಿದರು.

"ಅರ್ಧ ಹಳೇದು, ಅರ್ಧ ಹೊಸದು. ಯಾರ ಕೆಲಸ ಇದು?"

"ಪೋಲಿ ಹುಡುಗರದ್ದಿರಬೇಕು ಸಾರ್," ಎಂದರು ಸಾಹೇಬರು.

ಬಣ್ಣದಕ್ಕ ಸುಮ್ಮನಿದ್ದರೂ ಸಾಕಿತ್ತು. ಸುಮ್ಮನಿರಲು ಎರಡು ಸಲ ತುಟಿ ಕಚ್ಚಿಯೂ ನೋಡಿದಳು.

"ಹಳೇದು ನಾನೇ ಹಾಕಿದ್ದು ಸಾರ್, ನಾಲ್ಕು ತಿಂಗಳ ಹಿಂದೆ," ಎಂದಳು. "ಅರ್ಧ ಅಳಿಸಿದ್ದೂ ನಾನೇ. ನಿನ್ನೆ ಮತ್ತೆ ಹಾಕಿದ್ದೂ ನಾನೇ."

"ಅಳಿಸು ಅಂತ ಯಾರು ಹೇಳಿದ್ರು?"

ಅವಳು ಸಾಹೇಬರ ಕಡೆ ನೋಡಿದಳು. ಅವರ ಹಣೆಯಲ್ಲಿ ಬೆವರು, ಕಣ್ಣಲ್ಲಿ ಹೆದರಿಕೆ. ಇಂಥವರೂ ಹೆದರುತ್ತಾರೆಯೇ ಎಂದು ಆಶ್ಚರ್ಯವಾಯಿತು, ಆದರೆ ಅವಳ ಭಯ ಎಳ್ಳಷ್ಟೂ ಕಡಿಮೆಯಾಗಲಿಲ್ಲ. ಭಯದಲ್ಲೇ ಕೈಯೆತ್ತಿ ಅವರತ್ತ ತೋರಿಸಿದಳು.

ಕೊನೆಗೂ ಸಾಕ್ಷಿ ಸಿಕ್ಕಿತೆಂದು ವ್ಯಾನಿನವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅಳತೊಡಗಿದ. ಅಧಿಕಾರಿ ಕಾಗದ ತೆಗೆದರು.

"ನಿಮ್ಮ ಹೇಳಿಕೆ ಬರ್ಕೋಬೇಕು. ಏನು ಕೆಲಸ ನಿಮ್ದು?"

"ದಿನಗೂಲಿ ಸಾರ್, ರಸ್ತೆ ಇಲಾಖೇಲಿ," ಎಂದಳು ಬಣ್ಣದಕ್ಕ. "ನಿನ್ನೆವರೆಗೆ."