ಪರದೆಯೊಳಗಿನ ಸಾವಕಾರ

"ಬೀಳಗಿಯೊಳಗ ಒಬ್ಬಾಂವ ಅದಾನಂತ. ಕಾರ ಕಳಿಸೇನಿ. ಹೊತ್ತು ಮುಳುಗೂದ್ರಾಗ ತಂದು ಕುಂಡ್ರಸ್ತಾರ, ಚಿಂತಿ ಬ್ಯಾಡ್ರಿ," ಎಂದರು ಸಾವಕಾರ ಮಕ್ತುಮಸಾಬ ತಾಂಬೋಳಿ. ಮಸೀದಿಯ ನಟ್ಟನಡುವೆ ನಿಂತು, ಎರಡು ಕಿವಿಗೆ ಎರಡು ಫೋನು ಹಿಡಿದಿದ್ದರು.

ಮೂಲೆಯಲ್ಲಿ ಬಿಳಿ ಪರದೆ ಕಟ್ಟುತ್ತಿದ್ದ ಹಾಫೀಜರು ತಿರುಗಿ ನೋಡಿದರು. ನಮಾಜು ಓದಿಸುವವರಾದರೂ ವಯಸ್ಸಿನಲ್ಲಿ ಸಾವಕಾರರ ಕಿರಿಮಗನಷ್ಟೇ. "ಕೂಲಿಗೆ ಕುಂಡ್ರೂದಲ್ರಿ ಇದು, ಚಾಚಾ."

"ಹಂಗಾರ ಬುಡ್ಡೇಸಾಬ ಇಷ್ಟ ವರ್ಷ ಕುಂತದ್ದು ಏನು? ವರ್ಷದ ಜ್ವಾಳ, ಹೊಸ ಅರಿವಿ, ಎಲ್ಲಾ ನನ್ನ ಮನಿಯಿಂದ ಹೋಗೂದು."

"ಅದು ನನಗ ಗೊತ್ತಿರಲಿಲ್ರಿ. ಅಲ್ಲಾನ ಸಲುವಾಗಿ ಕುಂತಾನ ಅಂತ ತಿಳದಿದ್ದೆ. ಅಂವನೂ ಹಂಗ ತಿಳದಿದ್ದ ಕಾಣತೈತಿ."

ರಂಜಾನಿನ ಕೊನೆಯ ಹತ್ತು ದಿನ ಓಣಿಯಲ್ಲಿ ಒಬ್ಬನಾದರೂ ಲೋಕದ ಗೊಡವೆ ಬಿಟ್ಟು ಮಸೀದಿಯ ಮೂಲೆ ಹಿಡಿದು ಇತಿಕಾಫ್ ಕೂರಬೇಕು. ಈದಿನ ಚಂದ್ರ ಕಾಣುವವರೆಗೆ ಹೊಸ್ತಿಲು ದಾಟುವಂತಿಲ್ಲ. ಒಬ್ಬ ಕೂತರೆ ಇಡೀ ಓಣಿಯ ಭಾರ ಇಳಿಯಿತು. ಯಾರೂ ಕೂರದಿದ್ದರೆ ಎಲ್ಲರ ತಲೆಯ ಮೇಲೂ ಅದರ ಪಾಪ. ಗಾದಿ ಹೊಲಿಯುವ ಬುಡ್ಡೇಸಾಬ ನದಾಫ ಇರುವತನಕ ಯಾರಿಗೂ ಈ ಯೋಚನೆ ಬಂದಿರಲಿಲ್ಲ. ಈ ಸಲ ಅವನು ಜಾರಿಬಿದ್ದು ಸೊಂಟ ಮುರಿದುಕೊಂಡು ಹುನ್ನೂರಿನ ಮಗಳ ಮನೆ ಸೇರಿದ್ದ.

ಇನ್ನು ಮಕ್ತುಮಸಾಬರ ಸಿರಿವಂತಿಕೆ. ಮಹಾಲಿಂಗಪುರದ ಪೇಟೆಯಲ್ಲಿ ಅವರ ಅಡತಿ ಅಂಗಡಿಗೆ ಬರುವ ಬೆಲ್ಲದ ಪೆಂಟೆಗಳನ್ನು ಒಂದರ ಮೇಲೊಂದು ಇಟ್ಟಿದ್ದರೆ ಚಂದ್ರನಿಗೂ ಇರುವೆ ಹತ್ತುತ್ತಿದ್ದವು. ಮನೆಯ ಗೇಟು ತೆರೆದ ಸಪ್ಪಳಕ್ಕೆ ಮುಧೋಳದ ನಾಯಿಗಳು ಎದ್ದು ಕೂರುತ್ತಿದ್ದವು. ಒಳಗೆ ಅದೆಷ್ಟು ಕೋಣೆಗಳೆಂದರೆ ಹೆಂಡತಿ ಮಕ್ಕಳು ಒಬ್ಬರನ್ನೊಬ್ಬರು ಫೋನು ಮಾಡಿ ಹುಡುಕಿಕೊಳ್ಳಬೇಕು. ಎಷ್ಟೋ ಸಲ ಹುಡುಕುತ್ತಲೂ ಇರಲಿಲ್ಲ. ತಾವೇ ಕಟ್ಟಿಸಿದ ಮಸೀದಿಗೆ ಅವರು ಹಾಸಿಸಿದ ಅಮೃತಶಿಲೆಯ ಮೇಲೆ ನೊಣ ಕೂತರೆ ಜಾರಿಕೊಂಡು ಹೋಗಿ ಜಮಖಂಡಿಯಲ್ಲಿ ಬೀಳುತ್ತಿತ್ತು. ಸುಳ್ಳೆನಿಸಿದರೆ ನೊಣವನ್ನೇ ಕೇಳಬೇಕು. ಆ ಕಲ್ಲಿಗೆ ಅವರ ಹಣೆ ತಾಗಿದ್ದನ್ನು ಕಂಡವರು ಮಾತ್ರ ಕಡಿಮೆ. ಶುಕ್ರವಾರ ನಮಾಜಿನ ಹೊತ್ತಿಗೇ ಪೇಟೆಯಲ್ಲಿ ಬೆಲ್ಲದ ಹರಾಜು ರಂಗೇರಿರುತ್ತಿತ್ತು.

ಬೀಳಗಿಯ ಮನುಷ್ಯ ಫೋನಿನಲ್ಲಿ ಒಲ್ಲೆನೆಂದ. ನೆರೆದವರಲ್ಲಿ ಒಬ್ಬನಿಗೆ ಮಗ್ಗ ಬಿಡುವಂತಿರಲಿಲ್ಲ, ಇನ್ನೊಬ್ಬನಿಗೆ ಸಮೀರವಾಡಿ ಕಾರ್ಖಾನೆಯ ಪಾಳಿ. ಬಿಸಿಲು ಕಿಟಕಿಯಿಂದ ಇಳಿದು ಗೋಡೆ ಹತ್ತತೊಡಗಿತು. ಹಾಫೀಜರು ಯಾರನ್ನೂ ನೋಡಲಿಲ್ಲ, ಅದೇ ಸಾವಕಾರರಿಗೆ ಚುಚ್ಚಿತು.

"ಇಷ್ಟ ದೊಡ್ಡ ಮಸೂತಿ ಕಟ್ಟಿಸಿದಾಂವಗ ಒಂದು ಮೂಲಿ ಹಿಡದು ಕುಂಡ್ರಾಕ ಆಗೂದಿಲ್ಲೇನು? ನಾನ ಕುಂಡ್ರತೇನಿ."

ಹಿಂದಿನ ಸಾಲಿನಿಂದ ಯಾರೋ ಅಂದರು, "ಸಾವಕಾರ್ರ, ಮೂಲಿಗೆ ಎಸಿ ಇಲ್ರಿ."

ಹೊತ್ತು ಮುಳುಗುವ ಮೊದಲೇ ಗಾದಿ, ಲೋಡು, ಟೇಬಲ್ ಫ್ಯಾನು, ಬಾದಾಮಿ ಪಿಸ್ತೆಯ ಡಬ್ಬಿಗಳು ಬಂದಿಳಿದವು. ಪರದೆ ದಿನ ತುಂಬಿದ ಎಮ್ಮೆಯ ಹೊಟ್ಟೆಯಂತೆ ಉಬ್ಬಿತು. ಅದರ ನಡುವೆ ಮಕ್ತುಮಸಾಬರು ದಿಲ್ಲಿಯ ತಖ್ತಿನ ಮೇಲೆ ಕೂತವರಂತೆ ಕೂತರು.

ಮೊದಲಿಗೆ ಮಂದಿ ಬಂದರು. ಬಂದವರೆಲ್ಲ ಬೆಲ್ಲದ ಮಾತೇ ಆಡಿದರು. ಮೂರನೆಯ ಸಲ ಹಾಫೀಜರು ಪರದೆ ಸರಿಸಿ, "ಚಾಚಾ, ಇಲ್ಲಿ ಯಾಪಾರ ಬ್ಯಾಡ್ರಿ," ಎಂದಾಗ ಸಾವಕಾರರು ಸಿಟ್ಟಿನಿಂದಲೇ ಎರಡೂ ಫೋನು ಬಂದ್ ಮಾಡಿದರು. ಮರುದಿನದಿಂದ ಯಾರೂ ಬರಲಿಲ್ಲ. ಇಫ್ತಾರಿನ ಬುತ್ತಿ ತರುತ್ತಿದ್ದ ಮಗ ಡ್ರೈವರನನ್ನು ಕಳಿಸತೊಡಗಿದ. ಡ್ರೈವರ ಬುತ್ತಿಯನ್ನು ಪರದೆಯ ಕೆಳಗಿನಿಂದ ಒಳಗೆ ತಳ್ಳಿ ಹೋಗುತ್ತಿದ್ದ. ಅವನ ಕೈ ಮಾತ್ರ ಕಾಣುತ್ತಿತ್ತು.

ಆ ನಿಶ್ಶಬ್ದ ಎಂಥದೆಂದರೆ, ಹಲ್ಲಿ ನುಂಗಿದ ಸೊಳ್ಳೆ ಅದರ ಗಂಟಲಿನಲ್ಲಿ ಇಳಿಯುವುದು ಕೇಳಿಸುತ್ತಿತ್ತು. ಸಾವಕಾರರು ಗಾದಿಯ ಮೇಲೆ ಆ ಮಗ್ಗುಲು ಈ ಮಗ್ಗುಲು ಹೊರಳಿದರು. ತಮ್ಮಷ್ಟಕ್ಕೆ ತಾವು ಇಷ್ಟು ಹೊತ್ತು ಅವರು ಹುಟ್ಟಿದಾರಭ್ಯ ಇದ್ದವರಲ್ಲ. ತಮಗೆ ತಾವು ಒಳ್ಳೆಯ ಸಂಗಾತಿಯೇನೂ ಅನ್ನಿಸಲಿಲ್ಲ.

ಒಂದು ಮಧ್ಯಾಹ್ನ ಓಣಿಯ ಕಡೆಯ ಕಿಟಕಿಯಲ್ಲಿ ಬಳೆಯ ಸಪ್ಪಳವಾಯಿತು. "ಕಾಕಾ, ನಾ ಮಾಲನಬಿ. ಮಗ್ಗಕ್ಕ ನೂಲಿನ ಕಂಡಿಕಿ ಸುತ್ತೂಕಿ. ಎಚ್ಚರ ಅದೀಯೇನು?"

ಬುಡ್ಡೇಸಾಬ ಕೂತ ದಿನಗಳಲ್ಲಿ ಆ ಕಿಟಕಿಗೆ ಹೆಂಗಸರ ಸಾಲು ರಬಕವಿಯವರೆಗೆ ಹೋಗುತ್ತಿತ್ತಂತೆ. ಪರದೆಯೊಳಗೆ ಕೂತವನ ದುವಾ ಬೇಗ ಮುಟ್ಟುತ್ತದೆಂದು ಅವರ ನಂಬಿಕೆ. ಒಬ್ಬಳಿಗೆ ಮಗುವಿನ ಜ್ವರ, ಒಬ್ಬಳಿಗೆ ಗಂಡನ ಕುಡಿತ. ಹೆಸರು ಹೇಳಿ ಹೋಗುವರು. ಅವನು ಒಂದೊಂದೇ ಹೆಸರು ಹಿಡಿದು ಅಲ್ಲಾನ ಮುಂದೆ ಇಡುವನು.

ಸಾವಕಾರರು ಎದ್ದು ಕಿಟಕಿಗೆ ಬಂದರು. ಅವರ ಮುಖ ಕಂಡದ್ದೇ ಮಾಲನಬಿ ಸೆರಗು ಎಳೆದುಕೊಂಡಳು.

"ಸಾವಕಾರ್ರ, ನೀವಾ? ನಾ ಊರಾಗ ಇರಲಿಲ್ರಿ. ಕಾಕಾ ಇಲ್ಲೇನ್ರಿ?"

"ಅಂವ ಬಿದ್ದಾನ. ಈ ಸಲ ನಾ ಕುಂತೇನಿ. ಏನವ್ವಾ, ಹೇಳು."

"ಏನಿಲ್ಲ ಬಿಡ್ರಿ."

"ಏನಿಲ್ಲದ ಬಿಸಲಾಗ ಬಂದಿಯೇನು?"

ಅವಳು ಕಿಟಕಿಯ ಸರಳನ್ನು ನೋಡುತ್ತ ಹೇಳಿದಳು. "ಮಗಳು ದಿನಾ ತುಂಬ್ಯಾಳ್ರಿ. ಜಮಖಂಡಿ ದವಾಖಾನಿಗೆ ಹಾಕೇವಿ. ಬಿಪಿ ಇಳಿವಲ್ದು. ಇಬ್ರಾಗ ಒಬ್ರು ಉಳದ್ರ ದೊಡ್ಡದು ಅಂತಾರ ಡಾಕ್ಟರು."

"ಇಷ್ಟಕ್ಕ ಯಾಕ ಹೆದರತಿ? ಬೆಳಗಾಂವಿಗೆ ಒಯ್ಯೂಣು. ನನ್ನ ಕಾರು ಐತಿ. ಖರ್ಚೆಲ್ಲಾ ನಂದು."

"ರೊಕ್ಕದ ಜೋಡಣಿ ಆಗೇತ್ರಿ, ನಿಮ್ಮ ಪುಣ್ಯೆ. ಅಲುಗಾಡಸಬ್ಯಾಡ್ರಿ ಅಂದಾರ ಡಾಕ್ಟರು." ಅವಳು ಹಿಂದಕ್ಕೆ ಸರಿದಳು. "ದುವಾ ಮಾಡಾವ್ರು ಬೇಕಾಗಿತ್ರಿ. ಇರಲಿ ಬಿಡ್ರಿ, ನಿಮಗ ಯಾಕ ತ್ರಾಸು."

ಹೋಗಿಯೇಬಿಟ್ಟಳು. ಮಗಳ ಹೆಸರನ್ನು ಜೊತೆಗೇ ತಿರುಗಿ ಒಯ್ದಳು. ಮಕ್ತುಮಸಾಬರ ಮುಂದೆ ಕೈಯೊಡ್ಡಿದವರನ್ನು ಸಾಲಾಗಿ ನಿಲ್ಲಿಸಿದ್ದರೆ ಭೂಮಿಗೆ ಎರಡು ಸುತ್ತು ಆಗುತ್ತಿತ್ತು. ಬಂದು, ನೋಡಿ, ಏನೂ ಕೇಳದೆ ತಿರುಗಿ ಹೋದವಳು ಇವಳೊಬ್ಬಳೇ.

ಅವರು ಕೂತು ಎರಡೂ ಕೈ ಎತ್ತಿದರು. "ಯಾ ಅಲ್ಲಾ," ಎಂದರು. ಮುಂದಿನದು ಬರಲಿಲ್ಲ. ತುಸು ಹೊತ್ತಿಗೆ ಬಂದದ್ದು ಕೊಲ್ಹಾಪುರದ ಬೆಲ್ಲದ ಧಾರಣೆ. ಕೈ ಇಳಿಸಿದರು. ಮತ್ತೆ ಎತ್ತಿದರು. ಲಕ್ಷ ಚೀಲದ ವ್ಯಾಪಾರವನ್ನು ಒಂದೇ ಉಸಿರಿನಲ್ಲಿ ಮುಗಿಸುವ ನಾಲಿಗೆ ಹಸಿ ಹಿಟ್ಟಿನಂತೆ ಅಂಗುಳಕ್ಕೆ ಅಂಟಿತ್ತು.

ಆ ಸಂಜೆಯೇ ಅಂಗಡಿಯ ಗುಮಾಸ್ತ ಧರೆಪ್ಪ ಚಪ್ಪಲಿ ಹೊರಗೆ ಬಿಟ್ಟು, ಪರದೆಯ ಆಚೆ ನಿಂತು ಕೆಮ್ಮಿದ. "ಸಾಂಗಲಿ ಪಾರ್ಟಿ ಬಂದಾರ್ರಿ. ನಿಮ್ಮ ಮಾರಿ ನೋಡದ ಯಾಪಾರ ಮುಗಸೂದಿಲ್ಲಂತ. ಹತ್ತ ನಿಮಿಷ ಬಂದ ಹೋಗ್ರಲ್ಲ. ಯಾರ ನೋಡತಾರ?"

"ಧರೆಪ್ಪಾ, ನಿನಗ ಏನರ ಬೇಡಿಕೊಳ್ಳೂದು ಐತೇನೋ? ನಿನ್ನ ಹೆಸರಲೇ ದುವಾ ಮಾಡತೇನಿ."

ಧರೆಪ್ಪ ಗಾಬರಿಯಾದ. "ಆರಾಮ ಅದೀರಲ್ರಿ? ಡಾಕ್ಟರನ್ನ ಕರೀಲೇನು?"

"ಏನೂ ಬ್ಯಾಡೇನು?"

"ನನಗ ನಮ್ಮ ಮಹಾಲಿಂಗೇಶ್ವರ ಅದಾನ್ರಿ. ಸಾಂಗಲಿಯವ್ರಿಗೆ ಏನ ಹೇಳ್ಲಿ?"

"ಇಲ್ಲ ಅಂತ ಹೇಳು."

ಧರೆಪ್ಪ ಚಪ್ಪಲಿ ಮೆಟ್ಟಿಕೊಂಡು ಹೋದ. ವ್ಯಾಪಾರ ಎದುರು ಅಂಗಡಿಯವರ ಪಾಲಾಯಿತು. ಆ ವರ್ಷದ ಅತಿದೊಡ್ಡ ವ್ಯಾಪಾರ ಅದು, ಸಾಂಗಲಿಯ ಸಂತಾನವೆಲ್ಲ ಏಳು ತಲೆಮಾರು ಚಹಾ ಕುಡಿದರೂ ತೀರದಷ್ಟು ಬೆಲ್ಲ. ಸಾವಕಾರರು ಪರದೆಯೊಳಗಿಂದ ಅಲುಗಲಿಲ್ಲ.

ಹಾಫೀಜರು ನೀರಿಟ್ಟು ಹೋಗಲು ಬಂದಾಗ ಸಾವಕಾರರು ಕೇಳಿದರು, "ಹಾಫೀಜಸಾಬ, ಬಸಿರಿ ಹೆಣ್ಣಿನ ಸಲುವಾಗಿ ಅರಬ್ಬಿಯೊಳಗ ಏನಂತಾರ? ಕಲಸ್ರಿ."

"ನಿಮಗ ಬರೂ ಮಾತಿನ್ಯಾಗ ಕೇಳ್ರಿ. ತಿಳಿತೈತಿ ಅವಂಗ."

"ಆಕಿ ಹೆಸರು ಗೊತ್ತಿಲ್ಲ."

"ಅಲ್ಲಾಗ ಗೊತ್ತೈತ್ರಿ."

"ನನಗ ಗೊತ್ತಿಲ್ಲಲ್ಲೋ," ಎಂದರು ಸಾವಕಾರರು. ಹಾಫೀಜರು ನೀರಿನ ತಂಬಿಗೆ ಇಟ್ಟು ಹೊರಗೆ ಹೋದರು.

ಈದಿನ ಚಂದ್ರ ಕಂಡ ಸಂಜೆ ಆಲಮಟ್ಟಿಯ ನೀರು ನಡುಗುವಷ್ಟು ಪಟಾಕಿ ಹಾರಿದವು. ಪರದೆ ಸರಿಯಿತು. ಮಂದಿ ಮುಗಿಬಿದ್ದು ಮಲ್ಲಿಗೆ ಗುಲಾಬಿಯ ಮಾಲೆ ಹಾಕಿದರು, ಅಪ್ಪಿಕೊಂಡರು, ಫೋಟೋ ತೆಗೆದರು. ಮಗ ಕಾರಿನ ಬಾಗಿಲು ತೆರೆದು, "ಅಬ್ಬಾ, ಲಗೂ ಬರ್ರಿ, ಮಂದಿ ಕಾಯಾಕತ್ತಾರ," ಎಂದ.

"ಮಾಲನಬಿ ಮನಿ ಎಲ್ಲೈತಿ?" ಎಂದು ಕೇಳಿದರು ಮಕ್ತುಮಸಾಬರು.

ಮಗನಿಗೆ ಗೊತ್ತಿರಲಿಲ್ಲ. ಅವರು ನಡೆದೇ ಹೊರಟರು. ಕೆಳಗಿನ ಓಣಿಯಲ್ಲಿ ಕೇಳುತ್ತ ಕೇಳುತ್ತ ಹೋಗಿ, ತಗಡಿನ ಬಾಗಿಲಿನ ಮನೆ ಹುಡುಕಿದರು. ಬೀಗ ಹಾಕಿತ್ತು. ಪಕ್ಕದ ಮನೆಯ ಮುದುಕಿ ಈದಿನ ಶಾವಿಗೆ ಬಸಿಯುತ್ತ ಕೂಗಿ ಹೇಳಿದಳು, "ಮುಂಜಾನೆ ಫೋನ ಬಂತು, ಎಲ್ಲಾರೂ ಜಮಖಂಡಿಗೆ ಓಡಿಹೋಗ್ಯಾರ. ಏನಾಗೇತೋ ಗೊತ್ತಿಲ್ಲಪಾ."

"ಹುಡಗಿ ಹೆಸರೇನವ್ವಾ?"

ಪಟಾಕಿಯ ಸದ್ದಿನಲ್ಲಿ ಮುದುಕಿಗೆ ಕೇಳಿಸಲಿಲ್ಲ. ಅವಳು ಪಾತ್ರೆಯೊಂದಿಗೆ ಒಳಗೆ ಹೋದಳು.

ಸಾವಕಾರರು ಬೀಗ ಹಾಕಿದ ಬಾಗಿಲ ಮುಂದಿನ ಕಟ್ಟೆಯ ಮೇಲೆ ಕೂತರು. ಕೈಗಳನ್ನು ತೊಡೆಯ ಮೇಲೆ ಅಂಗಾತ ಇಟ್ಟು, ಮೆಲ್ಲಗೆ ಎದೆಯ ಮಟ್ಟಕ್ಕೆ ಎತ್ತಿದರು. ಎಲ್ಲಿಂದಲೋ ಒಂದು ಆಡು ಬಂದು, ಅವರನ್ನೊಮ್ಮೆ ಮೂಸಿ, ಕೊರಳ ಮಾಲೆಯ ಗುಲಾಬಿಗೆ ಬಾಯಿ ಹಾಕಿತು. ಒಂದೊಂದೇ ಹೂವು ಕಿತ್ತು ತಿನ್ನುತ್ತಿದ್ದರೂ ಅವರು ಕೈ ಇಳಿಸಲಿಲ್ಲ.