ಎಡಗೈ ಎತ್ತದ ಜಗಳ

ಜಲಜಳ ಜೊತೆ ಒಂದು ಜಗಳ ಆಗದಿದ್ದರೆ ನನಗೆ ಮಧ್ಯಾಹ್ನದ ಗಂಜಿ ಸೇರುವುದಿಲ್ಲ. ಉಪ್ಪುಂದದ ಮೀನು ಮಾರುಕಟ್ಟೆಯಲ್ಲಿ ಬಾಗಿಲ ಬದಿಯ ಜಾಗ ಅವಳದು, ಪಕ್ಕದ್ದು ನನ್ನದು. ಗಿರಾಕಿಗಳು ಒಳಗೆ ಬರುತ್ತಲೇ ಅವಳ ಬುಟ್ಟಿಗೆ ಬಗ್ಗುತ್ತಾರೆ. ಅವಳು ಬಿಟ್ಟವರಿಗೆ ನಾನು ಕಾಯಬೇಕು. ಆ ಜಾಗದ ಮೇಲೆ ನನ್ನ ಕಣ್ಣಿರುವುದು ಊರಿಗೆಲ್ಲ ಗೊತ್ತು. ನಾನೇನೂ ಮುಚ್ಚಿಟ್ಟವಳಲ್ಲ.

ಜಗಳ ತೆಗೆಯುವುದು ಬಹಳ ಸುಲಭ. ಅವಳ ಬಂಗುಡೆ ಮೀನು ನಿನ್ನೆಯದು ಎಂದರೆ ಸಾಕು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಎರಡೂ ಕೈ ತಲೆಯ ಮೇಲೆತ್ತಿ, ನನ್ನ ಏಳು ತಲೆಮಾರನ್ನೂ ಬೈಯುತ್ತಾಳೆ. ದೀಪಾವಳಿ ಕಳೆದ ಮೇಲೆ ಒಂದು ದಿನ ಹಾಗೆಯೇ ಕೆಣಕಿದೆ. ಬೈಗುಳ ಸರಿಯಾಗಿಯೇ ಬಂತು, ಬಲಗೈಯೂ ಮೇಲೆ ಹೋಯಿತು. ಎಡಗೈ ಮಾತ್ರ ಸೊಂಟದಲ್ಲೇ ಉಳಿಯಿತು. ಮರುದಿನವೂ ಅಷ್ಟೆ. ಒಂದೇ ಮನೆಯಲ್ಲಿದ್ದ ಅವಳ ಗಂಡ ರಾಮನಿಗೆ ಕಾಣದ್ದು ನನಗೆ ಕಂಡಿತು. ಆ ಕೈಗಳನ್ನು ದಿನಾ ಎದುರಿಸುವವಳು ನಾನಲ್ಲವೇ!

ಗಿರಾಕಿ ಇಲ್ಲದ ಹೊತ್ತಿನಲ್ಲಿ ಹತ್ತಿರ ಸರಿದೆ.

"ಎಂತ ಹೆಣೆ, ಎಡಗೈಗ್ ಎಂತಾಯ್ತ್?"

"ಎಂತದೂ ಇಲ್ಲೆ, ಬಾಗಿ. ಎದಿ ಬದಿಯಂಗೆ ಒಂದ್ ಗಂಟ್ ಇತ್ತ್. ಕೈ ಎತ್ರೆ ಕಂಕುಳಂಗೆ ಸೆಳಿತ್ತ್. ಗಂಟ್ ನೋಯ್ತಿಲ್ಲೆ. ಬೋಟ್ ಬಂದ್ ಆದ್ ಮೇಲೆ ಡಾಕ್ಟ್ರಿಗ್ ತೋರ್ಸ್ತೆ."

ಬೋಟುಗಳು ನಿಲ್ಲುವುದು ಮುಂದಿನ ಮಳೆಗಾಲಕ್ಕೆ. ಹಲ್ಲು ಕೀಳಿಸುವುದು, ಕನ್ನಡಕ ಮಾಡಿಸುವುದು, ನೆಂಟರ ಮನೆಗೆ ಹೋಗುವುದು ಎಲ್ಲವನ್ನೂ ನಾವು ಆಗಲೇ ಇಟ್ಟುಕೊಳ್ಳುವುದು. ಬಿಜೂರಿನ ನನ್ನ ಅತ್ತಿಗೆಯೂ ಇಂಥದೇ ಗಂಟನ್ನು ಮುಂದೆ ಹಾಕುತ್ತಾ ಹಾಕುತ್ತಾ ನಮ್ಮ ಕೈತಪ್ಪಿ ಹೋದಳು. ನನಗೆ ನಿಜಕ್ಕೂ ಹೆದರಿಕೆಯಾಯಿತು.

"ನಾಳೆಯೇ ಆಸ್ಪತ್ರಿಗ್ ಹೋಯ್ಕ್," ಎಂದೆ.

"ನಾ ಹೋದ್ರೆ ನೀ ನನ್ ಜಾಗದಂಗೆ ಕೂಕಂತಿ. ನಂಗ್ ಗೊತ್ತಿಲ್ಯಾ?"

ಸಿಟ್ಟು ನೆತ್ತಿಗೇರಿತು. ಇವಳಿಗೆ ರೋಗಕ್ಕಿಂತ ನನ್ನ ಭಯವೇ ಹೆಚ್ಚು!

"ಹಂಗಾರೆ ನಾನೂ ಬತ್ತೆ. ಬಸ್ಸಂಗೆ ನಿನ್ ಬದಿಯಂಗೇ ಕೂಕಂತೆ. ನನ್ನ ಕಾಯ್ಕಂಡ್ ಇರ್!"

ಮರುದಿನ ಎರಡೂ ಜಾಗ ಖಾಲಿ ಬಿಟ್ಟು ಕುಂದಾಪುರದ ಬಸ್ಸು ಹತ್ತಿದೆವು. ಆಸ್ಪತ್ರೆಯ ನರ್ಸು, "ಅಕ್ಕತಂಗಿಯರಾ?" ಎಂದು ಕೇಳಿದಳು. "ಅಲ್ಲ, ಶತ್ರುಗಳು," ಎಂದೆ. ಅವಳು ನಗುತ್ತಾ ನನ್ನನ್ನೂ ಪರೀಕ್ಷೆಗೆ ಕಳಿಸಿದಳು. ನನಗೇನೂ ಇರಲಿಲ್ಲ. ಜಲಜಳ ಗಂಟಿನ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ವಾರ ಬಿಟ್ಟು ಮತ್ತೆ ಹೋದಾಗ ತಿಳಿಯಿತು, ಕ್ಯಾನ್ಸರೇ. ತಡವಾಗಿದೆ, ಆದರೆ ಕೈಮೀರಿಲ್ಲ, ಇನ್ನು ಒಂದು ದಿನವೂ ಸುಮ್ಮನೆ ಕಳೆಯಬೇಡಿ ಎಂದರು ಡಾಕ್ಟರು. ವಾಪಸು ಬರುವಾಗ ಬಸ್ಸಿನಲ್ಲಿ ಅತ್ತದ್ದು ನಾನು, ಸಮಾಧಾನ ಮಾಡಿದ್ದು ಅವಳು.

ಆಪರೇಷನ್ ಆಯಿತು, ಔಷಧಿ ಏರಿಸಿದರು, ಕೂದಲು ಉದುರಿತು. ಅವಳು ಆಸ್ಪತ್ರೆಗೆ ಹೋದಾಗಲೆಲ್ಲ ನಾನೂ ಹೋದೆ. ಉಳಿದ ದಿನ ಅವಳ ಜಾಗದಲ್ಲಿ ಅವಳದೇ ಬುಟ್ಟಿ ಕವುಚಿಟ್ಟು, ಕೂರಲು ಬಂದವರನ್ನೆಲ್ಲ ಓಡಿಸಿದೆ.

ಮಳೆಗಾಲ ಮುಗಿದು ಬೋಟುಗಳು ಕಡಲಿಗಿಳಿದಾಗ ಜಲಜ ತಲೆಗೆ ಬಟ್ಟೆ ಕಟ್ಟಿಕೊಂಡು ಮಾರುಕಟ್ಟೆಗೆ ಬಂದಳು. ಎಡಗೈ ಇನ್ನೂ ಭುಜದ ಮೇಲೆ ಹೋಗುತ್ತಿರಲಿಲ್ಲ. ಗೋಡೆಯ ಮೇಲೆ ಬೆರಳು ಹತ್ತಿಸುವ ವ್ಯಾಯಾಮ ದಿನಾ ಮಾಡಲು ಹೇಳಿದ್ದರು. "ಗೋಡಿ ಹತ್ತುಕೆ ನಾ ಎಂತ ಹಲ್ಲಿಯಾ?" ಎಂದು ಅವಳು ಅದನ್ನು ಬಿಟ್ಟೇಬಿಟ್ಟಿದ್ದಳು.

ಅವಳ ಬುಟ್ಟಿಯಿಂದ ಮೀನೊಂದನ್ನೆತ್ತಿ ಮೂಸಿದೆ. ಹೊಳೆಯುವ ತಾಜಾ ಮೀನು. ಆದರೂ ಮಾರುಕಟ್ಟೆಗೆಲ್ಲ ಕೇಳುವಂತೆ ಕೂಗಿದೆ.

"ಹ್ವಾಯ್, ಜಲಜನ ಬಂಗುಡಿ ನಿನ್ನೆದ್!"

ಜಲಜ ಎದ್ದಳು. ಸೆರಗು ಸೊಂಟಕ್ಕೆ ಹೋಯಿತು. ಬಲಗೈ ಮೇಲೇರಿತು. ನನ್ನ ಅಜ್ಜನ ಹೆಸರು ಬರುವಷ್ಟರಲ್ಲಿ ಎಡಗೈ ಭುಜ ದಾಟಿತು, ಮುತ್ತಜ್ಜನಿಗೆ ಬಂದಾಗ ನಡುಗುತ್ತಾ ಕಿವಿ ಮುಟ್ಟಿತು. ನನಗೆ ಕಣ್ಣೀರು ತಡೆಯಲಾಗಲಿಲ್ಲ.

"ಅಷ್ಟೇಯಾ?" ಎಂದು ಕಿರುಚಿದೆ. "ಇನ್ನೂ ನಾಲ್ಕ್ ತಲೆಮಾರ್ ಬಾಕಿ ಇತ್ತ್ ಹೆಣೆ, ಎತ್ತ್!"